ಹಳೆಯ ಕಾರಿನ ಎಚ್ಚರಿಕೆ ದೀಪ: ದೋಷ ಹುಡುಕುವ ಬಗೆ

ನಮ್ಮ ಸದಸ್ಯರಲ್ಲಿ ಹೊಸ ಕಾರು ಕೊಂಡವರಿಗಿಂತ ಹಳೆಯ ಕಾರನ್ನು ಜೋಪಾನವಾಗಿ ಓಡಿಸುತ್ತಿರುವವರೇ ಹೆಚ್ಚು. ಖಾಸಗಿ ಕಾರಿಗೆ ಮೊದಲ ನೋಂದಣಿ 15 ವರ್ಷಕ್ಕೆ ಸಿಗುತ್ತದೆ. ಆಮೇಲೆ ಗಾಡಿ ತಪಾಸಣೆಯಲ್ಲಿ ಯೋಗ್ಯವೆಂದು ಕಂಡರೆ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ. ಹೀಗಾಗಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೋಟದ ಮನೆಗಳ ಮುಂದೆ ಇಪ್ಪತ್ತು, ಇಪ್ಪತ್ತೈದು ವರ್ಷದ ಗಾಡಿಗಳು ಇಂದಿಗೂ ನಿಂತಿರುತ್ತವೆ. 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800 ಮತ್ತು ಅದಕ್ಕಿಂತ ಬಹಳ ಹಿರಿಯದಾದ ಅಂಬಾಸಡರ್, ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಆದರೆ ತಯಾರಿಕೆ ನಿಂತ ಮಾತ್ರಕ್ಕೆ ಗಾಡಿಯ ದುಡಿಮೆ ನಿಲ್ಲುವುದಿಲ್ಲ. ಹೆರಿಗೆಗೆ ಕರೆದೊಯ್ಯುವುದು, ಮಕ್ಕಳನ್ನು ಹಾಸ್ಟೆಲಿಗೆ ಬಿಟ್ಟು ಬರುವುದು, ಕೊಬ್ಬರಿ ಮಾರಿದ ದಿನ ಕತ್ತಲಾದ ಮೇಲೆ ತಿಪಟೂರಿನಿಂದ ಊರಿಗೆ ಹಿಂದಿರುಗುವುದು, ಇವೆಲ್ಲ ಆ ಹಳೆಯ ಗಾಡಿಯ ಪಾಲಿನ ಕೆಲಸಗಳೇ.

ಇಂಥ ಗಾಡಿಗಳ ಬಗ್ಗೆ ಸಂಘದ ಕಚೇರಿಯಲ್ಲಿ ನಾವು ಮತ್ತೆ ಮತ್ತೆ ಕೇಳುವ ದೂರು ಒಂದುಂಟು. “ಸ್ಪೀಡಾಮೀಟರಿನ ಪಕ್ಕ ಕೆಂಪು ದೀಪ ಉರಿಯುತ್ತದೆ, ಗಾಡಿಯೇನೋ ಓಡುತ್ತದೆ, ಏನು ಮಾಡುವುದು?” ಇದಕ್ಕೆ ನಮ್ಮಲ್ಲಿ ಎರಡು ಬಗೆಯ ಉತ್ತರ ರೂಢಿಯಲ್ಲಿದೆ. ಒಂದು, “ಓಡುತ್ತಿದೆಯಲ್ಲ, ಓಡಲಿ ಬಿಡಿ” ಎಂದು ದೀಪಕ್ಕೆ ಕಪ್ಪು ಟೇಪು ಅಂಟಿಸಿಬಿಡುವುದು. ಇನ್ನೊಂದು, ಬ್ಯಾಟರಿ, ಆಲ್ಟರ್ನೇಟರು, ಸ್ವಿಚ್ಚು ಹೀಗೆ ಒಂದೊಂದನ್ನೇ ಬದಲಾಯಿಸುತ್ತ ದೀಪ ಆರುವವರೆಗೆ ಹಣ ಸುರಿಯುವುದು. ಮೊದಲನೆಯದರಲ್ಲಿ ಪ್ರಾಣಾಪಾಯವಿದೆ, ಎರಡನೆಯದರಲ್ಲಿ ವ್ಯರ್ಥ ಖರ್ಚಿದೆ. ಇವೆರಡರ ನಡುವೆ ಅಳೆದು ನೋಡುವ ಮೂರನೆಯ ದಾರಿಯಿದೆ. ಅದಕ್ಕೆ ಬೇಕಾದುದು ಕೆಲವು ನೂರು ರೂಪಾಯಿಯ ಒಂದು ಮಲ್ಟಿಮೀಟರು ಮತ್ತು ಅರ್ಧ ಗಂಟೆಯ ತಾಳ್ಮೆ. ಪಂಪ್‌ಸೆಟ್ಟಿನ ಸ್ಟಾರ್ಟರನ್ನು ಬಿಚ್ಚಿ ಜೋಡಿಸಬಲ್ಲ ನಮ್ಮ ರೈತರಿಗೆ ಇದು ಖಂಡಿತ ಕಷ್ಟದ ವಿದ್ಯೆಯಲ್ಲ.

ದೀಪ ಹೇಳುವುದೇನು?

ಮೊದಲು ತಿಳಿಯಬೇಕಾದುದು ಇಷ್ಟು. ದೀಪಕ್ಕೆ ಯಂತ್ರದ ಸ್ಥಿತಿ ಗೊತ್ತಿಲ್ಲ. ತನ್ನ ಎರಡು ತುದಿಗಳ ನಡುವೆ ವಿದ್ಯುತ್ತಿನ ಒತ್ತಡದಲ್ಲಿ, ಎಂದರೆ ವೋಲ್ಟೇಜಿನಲ್ಲಿ, ವ್ಯತ್ಯಾಸವಿದೆಯೇ ಇಲ್ಲವೇ ಎಂಬುದಷ್ಟೇ ಅದಕ್ಕೆ ಗೊತ್ತು. ಎರಡು ಗದ್ದೆಗಳ ಮಟ್ಟ ಒಂದೇ ಇದ್ದರೆ ನಡುವಿನ ತೂಬಿನಲ್ಲಿ ನೀರು ಹರಿಯುವುದಿಲ್ಲ. ಮಟ್ಟ ಬೇರೆಯಾದರೆ ಯಾವ ಕಡೆಗಾದರೂ ಹರಿದೇ ಹರಿಯುತ್ತದೆ. ದೀಪವೂ ಹಾಗೆಯೇ.

ಆಯಿಲ್ ದೀಪದ ಒಂದು ತುದಿಗೆ ಕೀಲಿಕೈ ತಿರುಗಿಸಿದಾಗ 12 ವೋಲ್ಟು ಬರುತ್ತದೆ. ಇನ್ನೊಂದು ತುದಿ ಎಂಜಿನ್ನಿಗೆ ಕೂರಿಸಿದ ಪುಟ್ಟ ಸ್ವಿಚ್ಚಿಗೆ ಹೋಗುತ್ತದೆ. ಎಣ್ಣೆಯ ಒತ್ತಡವಿಲ್ಲದಾಗ ಸ್ವಿಚ್ಚು ಎಂಜಿನ್ನಿನ ಮೈಗೆ ಕೂಡಿಕೊಂಡು ದೀಪ ಉರಿಯುತ್ತದೆ. ಎಂಜಿನ್ನು ಚಾಲೂ ಆಗಿ ಎಣ್ಣೆ ಏರಿದೊಡನೆ ಸ್ವಿಚ್ಚು ಬಿಟ್ಟುಕೊಂಡು ದೀಪ ಆರುತ್ತದೆ. ಬ್ರೇಕಿನ ದೀಪವೂ ಇದೇ ರೀತಿಯದು. ಹ್ಯಾಂಡ್‌ಬ್ರೇಕಿನ ಬುಡದಲ್ಲಿ ಒಂದು ಸ್ವಿಚ್ಚು, ಬ್ರೇಕ್ ಎಣ್ಣೆಯ ಡಬ್ಬಿಯಲ್ಲಿ ತೇಲುವ ಇನ್ನೊಂದು.

ಚಾರ್ಜಿಂಗ್ ದೀಪದ ರೀತಿ ಮಾತ್ರ ಬೇರೆ. ಅದರ ಒಂದು ತುದಿ ಬ್ಯಾಟರಿಯ ಕಡೆಗೆ, ಇನ್ನೊಂದು ತುದಿ ಆಲ್ಟರ್ನೇಟರಿನ ಕಡೆಗೆ. ಎಂಜಿನ್ನು ನಿಂತಿರುವಾಗ ಬ್ಯಾಟರಿಯ ಕಡೆ 12 ವೋಲ್ಟು, ಆಲ್ಟರ್ನೇಟರಿನ ಕಡೆ ಹೆಚ್ಚುಕಡಿಮೆ ಸೊನ್ನೆ. ಆದ್ದರಿಂದ ದೀಪ ಉರಿಯುತ್ತದೆ. ಎಂಜಿನ್ನು ತಿರುಗಿ ಆಲ್ಟರ್ನೇಟರು ವಿದ್ಯುತ್ ಉತ್ಪಾದಿಸತೊಡಗಿದೊಡನೆ ಎರಡು ಕಡೆಯೂ ಒಂದೇ ಮಟ್ಟಕ್ಕೆ ಬರುತ್ತವೆ, ದೀಪ ಆರುತ್ತದೆ. ಎಂದ ಮೇಲೆ ಓಡುವ ಗಾಡಿಯಲ್ಲಿ ಈ ದೀಪ ಮಿಣುಕಿದರೆ ಅದರ ಅರ್ಥ “ಆಲ್ಟರ್ನೇಟರು ಕೆಟ್ಟಿದೆ” ಎಂದಲ್ಲ. “ಎರಡು ಕಡೆಯ ಮಟ್ಟ ಬೇರೆಯಾಗಿದೆ” ಎಂದಷ್ಟೇ. ಯಾವ ಕಡೆ ತಗ್ಗಿದೆ, ಏಕೆ ತಗ್ಗಿದೆ ಎಂಬುದನ್ನು ನಾವೇ ಅಳೆದು ತಿಳಿಯಬೇಕು.

ಈ ದೀಪದ ಬಲ್ಬಿನ ಬಗ್ಗೆ ಇನ್ನೊಂದು ಮಾತು. ಅನೇಕ ಹಳೆಯ ಗಾಡಿಗಳಲ್ಲಿ ಆಲ್ಟರ್ನೇಟರಿನ ಒಳಗಿನ ಸುರುಳಿಗೆ ಮೊದಲ ಚಾಲನೆಯ ವಿದ್ಯುತ್ತು ಹೋಗುವುದು ಈ ಬಲ್ಬಿನ ಮೂಲಕವೇ. ದೀಪದ ಕಾಟ ಬೇಡವೆಂದು ಬಲ್ಬನ್ನೇ ಕಿತ್ತು ಹಾಕಿದರೆ ಅಂಥ ಗಾಡಿಯಲ್ಲಿ ಚಾರ್ಜಿಂಗ್ ಆರಂಭವಾಗುವುದೇ ಅನುಮಾನ.

ಒಂದು ಉದಾಹರಣೆ

ಹಂದನಕೆರೆ ಹೋಬಳಿಯ ನಮ್ಮ ಸದಸ್ಯರೊಬ್ಬರದು ಇಪ್ಪತ್ತು ದಾಟಿದ ಡೀಸೆಲ್ ಕಾರು. ಹಗಲು ಯಾವ ತೊಂದರೆಯೂ ಇಲ್ಲ. ರಾತ್ರಿ ಹೆಡ್‌ಲೈಟು ಹಾಕಿದರೆ ಚಾರ್ಜಿಂಗ್ ದೀಪ ಮಂಕಾಗಿ, ಬೂದಿ ಮುಚ್ಚಿದ ಕೆಂಡದಂತೆ ಕಾಣಿಸುತ್ತಿತ್ತು. ಗಾಳಿಯ ಫ್ಯಾನನ್ನೂ ಹಾಕಿದರೆ ಕೆಂಪು ಇನ್ನಷ್ಟು ಏರುತ್ತಿತ್ತು. ವಾರಕ್ಕೊಮ್ಮೆ ಗಾಡಿ ತಳ್ಳಿ ಚಾಲೂ ಮಾಡಬೇಕಾದಾಗ ಬ್ಯಾಟರಿ ಬದಲಾಯಿಸಿದರು. ತಿಂಗಳೊಳಗೆ ಹೊಸ ಬ್ಯಾಟರಿಯೂ ಸೋತಿತು. ಆಮೇಲೆ ಆಲ್ಟರ್ನೇಟರನ್ನು ಬಿಚ್ಚಿ ಕೊಂಡೊಯ್ದು ಡಯೋಡು, ಬ್ರಷ್ಷು ಎಲ್ಲ ಹೊಸದು ಹಾಕಿಸಿದರು. ಮೇಜಿನ ಮೇಲೆ ತಿರುಗಿಸಿ ನೋಡಿದರೆ ಅದು ಸರಿಯಾಗಿಯೇ ವಿದ್ಯುತ್ ಕೊಡುತ್ತಿತ್ತು. ಗಾಡಿಗೆ ಕೂರಿಸಿದರೆ ಅದೇ ಮಂಕು ಕೆಂಪು. ಕಡೆಗೆ “ಟೇಪು ಅಂಟಿಸಿಬಿಡಿ” ಎಂಬ ಸಲಹೆಯೂ ಸಿಕ್ಕಿತು.

ಅಷ್ಟರ ಮೇಲೆ ಅವರೊಡನೆ ಕುಳಿತು ಅಳೆದು ನೋಡಿದ್ದಾಯಿತು. ಎಂಜಿನ್ನು ಚಾಲೂ ಇಟ್ಟು, ಹೆಡ್‌ಲೈಟು, ಫ್ಯಾನು ಎರಡನ್ನೂ ಹಾಕಿ, ಮೀಟರಿನ ಕಪ್ಪು ತಂತಿಯನ್ನು ಎಂಜಿನ್ನಿನ ಮೈಗೆ ಹಿಡಿದು, ಕೆಂಪು ತಂತಿಯನ್ನು ಆಲ್ಟರ್ನೇಟರಿನ ಹಿಂದಿನ ದಪ್ಪ ಬೋಲ್ಟಿಗೆ ಇಟ್ಟೆವು. 14.2 ವೋಲ್ಟು. ಇದು ಸರಿಯಾದ ಅಂಕಿ. ಕೆಂಪು ತಂತಿಯನ್ನು ಬ್ಯಾಟರಿಯ ಧನ ತುದಿಗೆ ಇಟ್ಟೆವು. 12.2 ವೋಲ್ಟು. ಬಾವಿಯಲ್ಲಿ ನೀರು ತುಂಬಿದೆ, ತೋಟಕ್ಕೆ ಬರುತ್ತಿಲ್ಲ ಎಂದರೆ ದೋಷ ಬಾವಿಯದಲ್ಲ, ಕಾಲುವೆಯದು. ಎರಡು ವೋಲ್ಟು ದಾರಿಯಲ್ಲಿ ಎಲ್ಲೋ ಸೋರುತ್ತಿತ್ತು. ಚಾರ್ಜಿಂಗ್ ದೀಪದ ಒಂದು ಕಡೆ 14.2, ಇನ್ನೊಂದು ಕಡೆ 12.2. ಆ ಎರಡು ವೋಲ್ಟಿನ ವ್ಯತ್ಯಾಸದಿಂದಲೇ ಬಲ್ಬು ಮಂಕಾಗಿ ಉರಿಯುತ್ತಿತ್ತು. ವಿದ್ಯುತ್ತು ಮಾಮೂಲಿಗೆ ವಿರುದ್ಧ ದಿಕ್ಕಿನಲ್ಲಿ ಹರಿದರೂ ತಂತಿಯ ಬಲ್ಬಿಗೆ ಅದರ ಭೇದವಿಲ್ಲ.

ಆಮೇಲೆ ದಾರಿಯನ್ನು ತುಂಡು ತುಂಡಾಗಿ ಅಳೆದೆವು. ಆಲ್ಟರ್ನೇಟರಿನ ಬೋಲ್ಟಿನಿಂದ ಫ್ಯೂಸ್ ಪೆಟ್ಟಿಗೆಯ ಬಾಗಿಲಿನವರೆಗೆ 0.1 ವೋಲ್ಟು ಇಳಿತ. ಪೆಟ್ಟಿಗೆಯಿಂದ ಬ್ಯಾಟರಿಯವರೆಗೆ ಇನ್ನೊಂದು 0.1. ಉಳಿದ 1.8 ವೋಲ್ಟೂ ಪೆಟ್ಟಿಗೆಯ ಒಳಗೇ! ಮುಚ್ಚಳ ತೆಗೆದರೆ ಒಳಗೆ ಇಲಿ ತೆಂಗಿನ ನಾರು ತಂದು ಗೂಡು ಕಟ್ಟಿತ್ತು. ದಪ್ಪ ತಂತಿಯ ಲಗ್ಗು ಕೂತಿದ್ದ ಬೋಲ್ಟು ಇಲಿಯ ಮೂತ್ರದಿಂದ ಹಸಿರು ಕಿಲುಬು ಹಿಡಿದಿತ್ತು. ಸುತ್ತಲಿನ ಪ್ಲಾಸ್ಟಿಕ್ಕು ಸೀದು ಕಂದು ಬಣ್ಣಕ್ಕೆ ತಿರುಗಿತ್ತು. ತಂತಿಯ ತುದಿ ಕತ್ತರಿಸಿ, ತಾಮ್ರ ಹೊಳೆಯುವಂತೆ ಉಜ್ಜಿ, ಹೊಸ ಲಗ್ಗು ಹಾಕಿ, ಹೊಸ ಬೋಲ್ಟಿನಿಂದ ಬಿಗಿದ ಮೇಲೆ ಒಟ್ಟು ಇಳಿತ 0.2 ವೋಲ್ಟಿಗೆ ಬಂತು. ಬ್ಯಾಟರಿಗೆ 14.0 ವೋಲ್ಟು ತಲಪಿತು. ದೀಪ ಆರಿತು. ಬ್ಯಾಟರಿ, ಆಲ್ಟರ್ನೇಟರುಗಳಿಗೆ ಹೋದ ಹಣದ ಮುಂದೆ ಆ ಲಗ್ಗು ಮತ್ತು ಬೋಲ್ಟಿನ ಬೆಲೆ ಲೆಕ್ಕಕ್ಕೇ ಬಾರದು.

ಇದರಲ್ಲಿ ಹಣಕ್ಕಿಂತ ದೊಡ್ಡ ವಿಷಯವೊಂದಿದೆ. ಹೆಡ್‌ಲೈಟು, ಫ್ಯಾನು, ಮಿಕ್ಕ ಸಾಮಾನು ಎಲ್ಲ ಸೇರಿ ಸುಮಾರು 20 ಆಂಪಿಯರು ಎಂದಿಟ್ಟುಕೊಳ್ಳಿ. 20 ಆಂಪಿಯರು ಹರಿಯುವ ಜೋಡಣೆಯಲ್ಲಿ 2 ವೋಲ್ಟು ಇಳಿದರೆ ಅಲ್ಲಿ 40 ವಾಟ್ ಶಕ್ತಿ ಶಾಖವಾಗುತ್ತದೆ. ನಮ್ಮ ಹಳೆಯ ಮನೆಗಳ ಪಡಸಾಲೆಯಲ್ಲಿ ಉರಿಯುತ್ತಿದ್ದ 40 ವಾಟಿನ ಬಲ್ಬನ್ನು ಕೈಯಲ್ಲಿ ಮುಟ್ಟಿದವರಿಗೆ ಅದರ ಕಾವು ಗೊತ್ತು. ಅಷ್ಟು ಕಾವು, ಒಣಗಿದ ತೆಂಗಿನ ನಾರಿನ ಗೂಡಿನೊಳಗೆ, ರಾತ್ರಿ ಹೊತ್ತು, ಮನೆಮಂದಿ ಕುಳಿತ ಗಾಡಿಯ ಬಾನೆಟ್ಟಿನ ಕೆಳಗೆ! ದೀಪ ಎಚ್ಚರಿಸುತ್ತಿದ್ದುದು ಇದನ್ನು. ಟೇಪು ಅಂಟಿಸಿದ್ದರೆ ಮುಚ್ಚಿಹೋಗುತ್ತಿದ್ದುದೂ ಇದೇ.

ಪಂಪ್‌ಸೆಟ್ಟು ಕಲಿಸಿದ ಪಾಠ

ಇಂಥ ದೋಷ ಅಷ್ಟು ದಿನ ಏಕೆ ಸಿಗಲಿಲ್ಲ? ಏಕೆಂದರೆ ತಂತಿಯನ್ನು ಪರೀಕ್ಷಿಸಿದವರು ಗಾಡಿ ಆರಿಸಿ, ಮೀಟರನ್ನು ಶಬ್ದ ಮಾಡುವ ಗುರುತಿಗೆ ಇಟ್ಟು, ಎರಡು ತುದಿ ಮುಟ್ಟಿಸಿದ್ದರು. ಮೀಟರು “ಪೀ” ಎಂದಿತು, ತಂತಿ ಸರಿಯಿದೆ ಎಂದು ಬಿಟ್ಟರು.

ನಮ್ಮ ಕೊಳವೆ ಬಾವಿಯ ಅನುಭವವನ್ನೇ ನೆನೆಯಿರಿ. ಟ್ರಾನ್ಸ್‌ಫಾರ್ಮರಿನಿಂದ ದೂರದ ತೋಟದಲ್ಲಿ ಮೋಟರು ನಿಂತಿರುವಾಗ ಸ್ಟಾರ್ಟರ್ ಪೆಟ್ಟಿಗೆಯ ಮೀಟರು 400ಕ್ಕೂ ಮೇಲೆ ತೋರಿಸುತ್ತದೆ. ಗುಂಡಿ ಒತ್ತಿ ಮೋಟರು ತಿರುಗಿದೊಡನೆ ಮುಳ್ಳು ಕುಸಿಯುತ್ತದೆ. ಲೈನು ಮೊದಲೂ ಅದೇ, ಆಮೇಲೂ ಅದೇ. ವಿದ್ಯುತ್ತು ಹರಿಯದಿದ್ದಾಗ ತಂತಿಯ ಅಡ್ಡಿ ಕಾಣಿಸುವುದಿಲ್ಲ, ಹರಿದಾಗ ಕಾಣಿಸುತ್ತದೆ. ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇದೇ. ಹರಿವನ್ನು ಅಡ್ಡಿಯಿಂದ ಗುಣಿಸಿದರೆ ಬರುವುದು ಒತ್ತಡದ ಇಳಿತ. ಕಿಲುಬು ಹಿಡಿದ ಜೋಡಣೆಯ ಅಡ್ಡಿ ಬರೀ 0.1 ಓಮ್ ಇದ್ದರೂ 20 ಆಂಪಿಯರು ಹರಿದಾಗ 2 ವೋಲ್ಟು ಇಳಿಯುತ್ತದೆ. ಆದರೆ 0.1 ಓಮನ್ನು ನಮ್ಮ ಸಾಧಾರಣ ಮೀಟರು ಗುರುತಿಸಲಾರದು. ಮೀಟರಿನ ಸ್ವಂತ ತಂತಿಗಳ ಅಡ್ಡಿಯೇ ಅಷ್ಟಿರುತ್ತದೆ. ಆದ್ದರಿಂದ ಅದು “ಪೀ” ಎನ್ನುವುದು ಸುಳ್ಳಲ್ಲ, ಆದರೆ ಸಾಲದು.

ಮನೆಯ 230 ವೋಲ್ಟಿನಲ್ಲಿ 2 ವೋಲ್ಟು ಇಳಿದರೆ ಯಾರ ಗಮನಕ್ಕೂ ಬಾರದು. 12 ವೋಲ್ಟಿನ ಗಾಡಿಯಲ್ಲಿ ಅದು ಆರರಲ್ಲಿ ಒಂದು ಪಾಲು. ಒತ್ತಡ ಕಡಿಮೆಯಾದಷ್ಟೂ ಅದೇ ಕೆಲಸಕ್ಕೆ ಹರಿವು ಹೆಚ್ಚು ಬೇಕು, ಹರಿವು ಹೆಚ್ಚಿದಷ್ಟೂ ದಾರಿಯ ನಷ್ಟ ಹೆಚ್ಚು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರು ದೂರ ವಿದ್ಯುತ್ತು ಸಾಗಿಸಿದಾಗ ಒತ್ತಡವನ್ನು ಸಾವಿರಾರು ವೋಲ್ಟಿಗೆ ಏರಿಸಿದ್ದು ಇದೇ ಕಾರಣಕ್ಕೆ. ಕಾರಿನಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಪ್ರತಿಯೊಂದು ಜೋಡಣೆಯೂ ಶುದ್ಧವಾಗಿರಬೇಕು, ಬಿಗಿಯಾಗಿರಬೇಕು.

ಹುಡುಕುವ ಕ್ರಮ

ಸದಸ್ಯರು ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು. ತಿರುಗುವ ಬೆಲ್ಟು, ಫ್ಯಾನುಗಳಿಂದ ಕೈ, ಪಂಚೆಯ ಸೆರಗು, ಟವೆಲ್ಲು ದೂರವಿರಲಿ. ಗಾಡಿ ನ್ಯೂಟ್ರಲ್ಲಿನಲ್ಲಿದ್ದು ಹ್ಯಾಂಡ್‌ಬ್ರೇಕು ಹಾಕಿರಲಿ.

ಮೊದಲನೆಯದು ಕಣ್ಣಿನ ಪರೀಕ್ಷೆ. ಬೆಲ್ಟು ಸಡಿಲವೇ, ಬಿರಿದಿದೆಯೇ, ಬ್ಯಾಟರಿಯ ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಇದೆಯೇ, ತಂತಿಯನ್ನು ಹಲ್ಲು ಕಚ್ಚಿದ ಗುರುತಿದೆಯೇ ನೋಡಿ.

ಎರಡನೆಯದು ನಿಂತ ಗಾಡಿಯ ಬ್ಯಾಟರಿ. ರಾತ್ರಿಯಿಡೀ ನಿಂತ ಬಳಿಕ ಬೆಳಿಗ್ಗೆ ಅಳೆಯಿರಿ. ಸುಮಾರು 12.6 ವೋಲ್ಟಿದ್ದರೆ ತುಂಬಿದೆ. 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಬರಿದಾಗಿದೆ ಎಂದೇ ತಿಳಿಯಿರಿ, ಮೊದಲು ಚಾರ್ಜು ಮಾಡಿಸಿ ಮುಂದಿನ ಪರೀಕ್ಷೆ ಮಾಡಿ.

ಮೂರನೆಯದು ಓಡುವ ಎಂಜಿನ್ನು. ಸ್ವಲ್ಪ ವೇಗ ಕೊಟ್ಟು, ಹೆಡ್‌ಲೈಟು, ಫ್ಯಾನು ಹಾಕಿ, ಆಲ್ಟರ್ನೇಟರಿನ ಬೋಲ್ಟಿನಲ್ಲಿ ಅಳೆಯಿರಿ. ಇಂಥ ಹಳೆಯ ಗಾಡಿಗಳಲ್ಲಿ 13.8ರಿಂದ 14.5ರ ನಡುವೆ ಇರಬೇಕು. ಇಲ್ಲೇ ಕಡಿಮೆಯಿದ್ದರೆ ಬೆಲ್ಟು ಅಥವಾ ಆಲ್ಟರ್ನೇಟರೇ ಕಾರಣ. 15 ದಾಟಿದರೆ ರೆಗ್ಯುಲೇಟರು ಕೆಟ್ಟಿದೆ, ಬ್ಯಾಟರಿ ಕುದಿಯುತ್ತದೆ, ಬಲ್ಬುಗಳು ಒಂದೊಂದಾಗಿ ಸುಡುತ್ತವೆ.

ನಾಲ್ಕನೆಯದು ಧನ ತಂತಿಯ ಇಳಿತ. ಅದೇ ಸ್ಥಿತಿಯಲ್ಲಿ ಮೀಟರಿನ ಒಂದು ತಂತಿ ಆಲ್ಟರ್ನೇಟರಿನ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಧನ ತುದಿಗೆ. ಇಳಿತ ಅರ್ಧ ವೋಲ್ಟಿನೊಳಗಿರಬೇಕು, ಕಡಿಮೆಯಿದ್ದಷ್ಟೂ ಒಳ್ಳೆಯದು.

ಐದನೆಯದು ಋಣ ದಾರಿ, ಎಂದರೆ ಅರ್ತಿಂಗ್. ಒಂದು ತಂತಿ ಬ್ಯಾಟರಿಯ ಋಣ ತುದಿಗೆ, ಇನ್ನೊಂದು ಎಂಜಿನ್ನಿನ ಮೈಗೆ. ಬಳಿಕ ಋಣ ತುದಿಯಿಂದ ಗಾಡಿಯ ಬಾಡಿಗೆ. ಓಡುವ ಎಂಜಿನ್ನಿನಲ್ಲಿ 0.2 ವೋಲ್ಟು ಮೀರಬಾರದು. ಸ್ಟಾರ್ಟರು ತಿರುಗುವ ಕ್ಷಣದಲ್ಲಿ ಅರ್ಧ ವೋಲ್ಟು ಮೀರಿದರೆ ಎಂಜಿನ್ನಿಗೂ ಬಾಡಿಗೂ ನಡುವಿನ ಹೆಣೆದ ಪಟ್ಟಿಯನ್ನು ಬಿಚ್ಚಿ ನೋಡಿ.

ಇಳಿತ ಎಲ್ಲೆಂದು ತಿಳಿಯಲು ದಾರಿಯನ್ನು ಅರ್ಧಕ್ಕೆ ಕತ್ತರಿಸುತ್ತ ಹೋಗಿ. ಪೈಪ್‌ಲೈನಿನಲ್ಲಿ ನೀರು ಸೋರಿದರೆ ನಡುವಿನ ವಾಲ್ವು ಮುಚ್ಚಿ ಯಾವ ಅರ್ಧದಲ್ಲಿ ಸೋರಿಕೆಯೆಂದು ನೋಡುವುದಿಲ್ಲವೇ? ಹಾಗೆಯೇ. ಎಂಟು ಜೋಡಣೆಗಳಿದ್ದರೂ ಮೂರು ಸಲ ಅಳೆದರೆ ದೋಷದ ಜಾಗ ಸಿಕ್ಕಿಬಿಡುತ್ತದೆ.

ಡಯೋಡಿನ ಅನುಮಾನವಿದ್ದರೆ ಮೀಟರನ್ನು ಎ.ಸಿ. ವೋಲ್ಟಿಗೆ ತಿರುಗಿಸಿ ಆಲ್ಟರ್ನೇಟರಿನ ಬೋಲ್ಟಿನಲ್ಲಿ ಅಳೆಯಿರಿ. ಆಲ್ಟರ್ನೇಟರಿನ ಒಳಗೆ ಹುಟ್ಟುವುದು ನಮ್ಮ ಪಂಪ್‌ಸೆಟ್ಟಿಗೆ ಬರುವಂಥ ಮೂರು ಫೇಸಿನ ವಿದ್ಯುತ್ತೇ, ಡಯೋಡುಗಳು ಅದನ್ನು ನೇರ ಮಾಡುತ್ತವೆ. ಒಂದು ಡಯೋಡು ಸುಟ್ಟರೆ ಒಂದು ಫೇಸು ಹೋದ ಮೋಟರಿನಂತೆ ಅದು ಕುಂಟುತ್ತದೆ. ಎ.ಸಿ. ಅಳತೆ ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ಡಯೋಡು ಕೆಟ್ಟಿರುವುದೇ ಹೆಚ್ಚು ಸಂಭವ. ಆಗ ಮಾತ್ರ ಆಲ್ಟರ್ನೇಟರನ್ನು ಬಿಚ್ಚಿಸಿ.

ಹಲವು ದೀಪ ಒಟ್ಟಿಗೆ ಉರಿದರೆ

ಒಂದೇ ಸಲಕ್ಕೆ ಮೂರು ದೀಪ ಕಂಡರೆ ಮೂರು ಯಂತ್ರ ಕೆಟ್ಟಿವೆಯೆಂದು ಹೆದರಬೇಕಾಗಿಲ್ಲ. ಒಂದೇ ಬೀದಿಯ ಮನೆಗಳೆಲ್ಲ ಕತ್ತಲಾದರೆ ಪ್ರತಿ ಮನೆಯ ಬಲ್ಬನ್ನೂ ಯಾರೂ ಬಿಚ್ಚುವುದಿಲ್ಲ, ಕಂಬ ನೋಡುತ್ತಾರೆ. ಕಾರಿನಲ್ಲಿಯೂ ಆ ದೀಪಗಳಿಗೆ ಸಮಾನವಾದ ದಾರಿ ಯಾವುದೆಂದು ಮೊದಲು ನೋಡಬೇಕು.

ಜಪಾನಿನ ಮಾದರಿಯ ಕೆಲವು ಗಾಡಿಗಳಲ್ಲಿ ಬ್ರೇಕಿನ ದೀಪವನ್ನೂ ಚಾರ್ಜಿಂಗ್ ತಂತಿಗೆ ಸೇರಿಸಿರುತ್ತಾರೆ, ಕೀಲಿಕೈ ತಿರುಗಿಸಿದಾಗ ಬಲ್ಬು ಸರಿಯಿದೆಯೆಂದು ತೋರಿಸಲು. ಅಲ್ಲಿ ಚಾರ್ಜಿಂಗ್ ಮತ್ತು ಬ್ರೇಕ್ ದೀಪ ಜೊತೆಯಾಗಿ ಮಂಕಾಗಿ ಉರಿದರೆ ಆಲ್ಟರ್ನೇಟರಿನ ಕಡೆಯೇ ಹುಡುಕಬೇಕು. ಹೆಡ್‌ಲೈಟು ಹಾಕಿದೊಡನೆ ಟೆಂಪರೇಚರಿನ ಮುಳ್ಳು ಏರಿ, ಆರಿಸಿದೊಡನೆ ಇಳಿದರೆ ನೀರು ಬಿಸಿಯಾದುದಲ್ಲ, ಅರ್ತಿಂಗ್ ಸಡಿಲ. ಬ್ರೇಕು ತುಳಿದಾಗ ಹಿಂದಿನ ಇಂಡಿಕೇಟರು ಮಿಣುಕಿದರೆ ಆ ದೀಪದ ಪೆಟ್ಟಿಗೆಯ ಅರ್ತಿಂಗ್ ಬಿಟ್ಟಿದೆ. ಎಂಜಿನ್ನಿನ ಅರ್ತಿಂಗ್ ಪಟ್ಟಿ ಪೂರ್ತಿ ತುಂಡಾದರೆ ವಿದ್ಯುತ್ತು ಆಕ್ಸಿಲರೇಟರಿನ ಉಕ್ಕಿನ ಕೇಬಲ್ಲಿನಲ್ಲಿ ದಾರಿ ಮಾಡಿಕೊಂಡು ಅದನ್ನೇ ಸುಡುವಷ್ಟು ಕಾಯಿಸುವುದುಂಟು. ಇನ್ನು ಬ್ರೇಕಿನ ದೀಪ ಮದಲಿಂಗನ ಕಣಿವೆಯಂಥ ತಿರುವುಗಳಲ್ಲಿ ಮಾತ್ರ ಮಿನುಗಿ ನೇರ ದಾರಿಯಲ್ಲಿ ಆರಿದರೆ ಅದು ವಿದ್ಯುತ್ತಿನ ದೋಷವಲ್ಲದೆ ಇರಬಹುದು. ಡಬ್ಬಿಯಲ್ಲಿ ಎಣ್ಣೆ ತಗ್ಗಿ ತೇಲು ಅಲುಗಾಡುತ್ತಿದೆಯೇ ಎಂದು ಕೂಡಲೇ ನೋಡಿ.

2010ರಿಂದೀಚೆಗೆ ಹಂತಹಂತವಾಗಿ ಬಂದ ಗಾಡಿಗಳಲ್ಲಿ ಎಂಜಿನ್ನಿನ ಹಳದಿ ದೀಪವೂ, ದೋಷವನ್ನು ಅಂಕಿಯಲ್ಲಿ ಹೇಳುವ ಯಂತ್ರ ಜೋಡಿಸಲು ಸಾಕೆಟ್ಟೂ ಇವೆ. ಉಪಯುಕ್ತವೇ. ಆದರೆ ಒತ್ತಡ ಕುಸಿದಾಗ ಸೆನ್ಸರುಗಳು ಇಲ್ಲದ ದೋಷವನ್ನು ಹೇಳುವುದುಂಟು. ಅಲ್ಲಿಯೂ ಸೆನ್ಸರು ಕೊಳ್ಳುವ ಮುಂಚೆ ಬ್ಯಾಟರಿ, ಚಾರ್ಜಿಂಗ್, ಅರ್ತಿಂಗ್ ಮೂರನ್ನು ಅಳೆಯುವುದೇ ಕ್ರಮ.

ಇಲಿ, ನಾರು ಮತ್ತು ಕಿಲುಬು

ನಮ್ಮ ಸೀಮೆಗೆ ವಿಶೇಷವಾದ ಕಾರಣವೊಂದಿದೆ. ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಡುತ್ತೇವೆ. ಕೊಬ್ಬರಿಯಿದ್ದಲ್ಲಿ ಇಲಿ, ಅಳಿಲು ಇದ್ದೇ ಇರುತ್ತವೆ. ಕಾರು ನಿಲ್ಲುವುದು ಅದೇ ಅಟ್ಟದ ಕೆಳಗೆ ಅಥವಾ ಮಟ್ಟೆಯ ರಾಶಿಯ ಪಕ್ಕದಲ್ಲಿ. ಬೆಚ್ಚಗಿನ ಎಂಜಿನ್ನು, ಹತ್ತಿರದಲ್ಲೇ ಮೆತ್ತನೆಯ ನಾರು, ತಲೆಯ ಮೇಲೆ ಆಹಾರ. ಇದಕ್ಕಿಂತ ಒಳ್ಳೆಯ ಮನೆ ಇಲಿಗೆ ಎಲ್ಲಿ ಸಿಕ್ಕೀತು?

ಆದ್ದರಿಂದ ಗಾಡಿಯನ್ನು ಮಟ್ಟೆಯ ರಾಶಿಯಿಂದ ಹತ್ತಾರು ಮಾರು ದೂರ ನಿಲ್ಲಿಸುವುದು ಒಳ್ಳೆಯದು. ವಾರಕ್ಕೊಮ್ಮೆ ಬಾನೆಟ್ಟು ಎತ್ತಿ, ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದು ನಾರು, ಕಸ ಇದೆಯೇ ನೋಡಬೇಕು. ಬ್ಯಾಟರಿಯ ತುದಿಯ ಪುಡಿಯನ್ನು ಅಡಿಗೆ ಸೋಡಾ ಕದಡಿದ ನೀರಿನಿಂದ ತೊಳೆದು, ಒರಸಿ, ಉಜ್ಜಿ, ಬಿಗಿದ ಮೇಲೆ ವ್ಯಾಸಲೀನು ಸವರಬೇಕು. ಕೊಬ್ಬರಿ ಎಣ್ಣೆ ಬೇಡ. ಕಲಾಯಿಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಎಣ್ಣೆಯಿಟ್ಟರೆ ಹಸಿರು ಕಿಲುಬು ಬರುವುದನ್ನು ನಮ್ಮ ಹೆಣ್ಣುಮಕ್ಕಳು ಬಲ್ಲರು. ತಾಮ್ರದ ತಂತಿಗೂ ಅದೇ ಗತಿ.

ಮಾಡಬಾರದ ಕೆಲಸಗಳು

ಎಂಜಿನ್ನು ಓಡುತ್ತಿರುವಾಗ ಬ್ಯಾಟರಿಯ ತಂತಿ ಬಿಚ್ಚಿ, ಗಾಡಿ ಆರದಿದ್ದರೆ ಚಾರ್ಜಿಂಗ್ ಸರಿಯಿದೆ ಎನ್ನುವ ಪರೀಕ್ಷೆ ಡೈನಮೋ ಕಾಲದಿಂದ ಉಳಿದು ಬಂದದ್ದು. ಆಲ್ಟರ್ನೇಟರಿನ ಗಾಡಿಯಲ್ಲಿ ಹೀಗೆ ಮಾಡಿದರೆ ಒತ್ತಡ ಒಮ್ಮೆಗೇ ಚಿಮ್ಮಿ ಡಯೋಡು, ರೆಗ್ಯುಲೇಟರು, ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಸುಡಬಹುದು. ಎಷ್ಟೇ ಅನುಭವಿಯಾದ ಮೆಕ್ಯಾನಿಕ್ಕು ಕೈ ಹಾಕಿದರೂ ಬೇಡವೆಂದು ಹೇಳಿ.

ಫ್ಯೂಸು ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಸುತ್ತಬಾರದು. ಪಂಪ್‌ಸೆಟ್ಟಿನಲ್ಲಿ ಹೀಗೆ ಮಾಡಿ ಮೋಟರು ಸುಟ್ಟುಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ಕಾರಿನಲ್ಲಿ ಸುಡುವುದು ಗಾಡಿಯೇ. ಹೆಚ್ಚು ಬೆಳಕಿನ ಬಲ್ಬು, ದೊಡ್ಡ ಹಾರನ್ನು ಹಾಕುವವರು ರಿಲೇ, ಸರಿಯಾದ ದಪ್ಪದ ತಂತಿ, ಪ್ರತ್ಯೇಕ ಫ್ಯೂಸು ಇಲ್ಲದೆ ಹಾಕಿಸಬಾರದು. ಏರ್‌ಬ್ಯಾಗಿನ ಹಳದಿ ಹೊದಿಕೆಯ ತಂತಿಗಳಿಗೆ ಮೀಟರನ್ನಾಗಲಿ ಬಲ್ಬನ್ನಾಗಲಿ ಮುಟ್ಟಿಸಲೇಬಾರದು. ತಂತಿ ಬಿಚ್ಚುವ ಕೆಲಸ ಏನೇ ಇರಲಿ, ಗಾಡಿ ಆರಿಸಿ, ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿ, ಕಡೆಯಲ್ಲಿ ಅದನ್ನೇ ಜೋಡಿಸಿ.

ಯಾವ ದೀಪಕ್ಕೆ ಎಲ್ಲಿ ನಿಲ್ಲಬೇಕು?

ಅಳೆಯುವ ಕೆಲಸ ಮನೆಯಂಗಳದ್ದು. ರಸ್ತೆಯ ಮೇಲೆ ದೀಪ ಉರಿದರೆ ದೋಷ ನಿಜವೆಂದೇ ನಂಬಿ ನಡೆಯಬೇಕು.

ಆಯಿಲಿನ ಕೆಂಪು ದೀಪ ಬಂದರೆ ಬದಿಗೆ ನಿಲ್ಲಿಸಿ ಎಂಜಿನ್ನನ್ನು ತಕ್ಷಣ ಆರಿಸಿ. “ಮುಂದಿನ ಊರು ಮುಟ್ಟೋಣ” ಎಂದು ಓಡಿಸಿದ ಒಂದೆರಡು ಮೈಲಿಯಲ್ಲಿ ಬೇರಿಂಗು ಕಚ್ಚಿ ಎಂಜಿನ್ನೇ ಹೋಗಬಹುದು. ಟೆಂಪರೇಚರಿನ ಕೆಂಪು ದೀಪಕ್ಕೂ ಇದೇ ನಿಯಮ. ಬಿಸಿ ರೇಡಿಯೇಟರಿನ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ. ಬ್ರೇಕಿನ ದೀಪ ಬಂದರೆ ಹ್ಯಾಂಡ್‌ಬ್ರೇಕು ಪೂರ್ತಿ ಇಳಿದಿದೆಯೇ ನೋಡಿ. ಇಳಿದಿದ್ದರೆ ನಿಲ್ಲಿಸಿ ಎಣ್ಣೆ ನೋಡಿ.

ಚಾರ್ಜಿಂಗ್ ದೀಪ ಪ್ರಕಾಶಮಾನವಾಗಿ ಉರಿದರೆ ಮೊದಲ ಅನುಮಾನ ಬೆಲ್ಟಿನ ಮೇಲೆ. ಅನೇಕ ಗಾಡಿಗಳಲ್ಲಿ ಅದೇ ಬೆಲ್ಟು ನೀರಿನ ಪಂಪನ್ನೂ ತಿರುಗಿಸುತ್ತದೆ, ಬೆಲ್ಟು ಹೋಗಿದ್ದರೆ ಎಂಜಿನ್ನು ಕಾಯುತ್ತದೆ. ಡೀಸೆಲ್ ಗಾಡಿಯವರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಎಷ್ಟೋ ಡೀಸೆಲ್ ಗಾಡಿಗಳಲ್ಲಿ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಇದೆ. ಬೆಲ್ಟು ತುಂಡಾದರೆ ಒಂದೆರಡು ಸಲ ತುಳಿಯುವಷ್ಟರಲ್ಲಿ ಬ್ರೇಕು ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಗ ಹೆದರದೆ ಎರಡೂ ಕಾಲಿನ ಬಲ ಹಾಕಿ ತುಳಿದು, ಗೇರು ಇಳಿಸುತ್ತ ನಿಲ್ಲಿಸಬೇಕು. ಬ್ಯಾಟರಿಯ ದೀಪವೆಂದು ನಾವು ಹಗುರವಾಗಿ ಕಾಣುವ ಆ ದೀಪ ಇಂಥ ಗಾಡಿಯಲ್ಲಿ ಬ್ರೇಕಿನ ದೀಪವೂ ಹೌದು. ಹುಳಿಯಾರಿನಿಂದ ಕೆ.ಬಿ. ಕ್ರಾಸ್, ತುರುವೇಕೆರೆ ಕಡೆಗೆ ರಾತ್ರಿ ಲಾರಿಗಳ ನಡುವೆ ಬರುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ.

ಬೆಲ್ಟು ಸರಿಯಿದ್ದು ಚಾರ್ಜಿಂಗ್ ಮಾತ್ರ ನಿಂತಿದ್ದರೆ ಫ್ಯಾನು, ರೇಡಿಯೋ ಆರಿಸಿ ಹತ್ತಿರದ ಊರು ಸೇರಬ��ುದು. ರಾತ್ರಿಯಾದರೆ ದೂರ ಹೋಗುವ ಸಾಹಸ ಬೇಡ. ಬ್ಯಾಟರಿ ಬರಿದಾಗುತ್ತ ಹೆಡ್‌ಲೈಟು ಮಂಕಾಗುವುದು ನಿಧಾನವಾಗಿ, ಕಣ್ಣಿಗೆ ಅರಿವಾಗದ ಹಾಗೆ.

ಕೊನೆಯದಾಗಿ, ಕೀಲಿಕೈ ತಿರುಗಿಸಿದಾಗ ಎಲ್ಲ ದೀಪಗಳೂ ಒಮ್ಮೆ ಉರಿಯಬೇಕು, ಎಂಜಿನ್ನು ಚಾಲೂ ಆದ ಮೇಲೆ ಎಲ್ಲವೂ ಆರಬೇಕು. ಉರಿಯದ ದೀಪವೂ ಆರದ ದೀಪದಷ್ಟೇ ಅಪಾಯಕಾರಿ. ಬ್ಯಾಟರಿ ಮತ್ತು ಚಾರ್ಜಿಂಗಿನ ಅಂಕಿಗಳನ್ನು ಆರು ತಿಂಗಳಿಗೊಮ್ಮೆ ಅಳೆದು, ಕೊಯ್ಲಿನ ಲೆಕ್ಕ ಬರೆಯುವ ಪುಸ್ತಕದಲ್ಲಿಯೇ ತಾರೀಖಿನೊಡನೆ ಗುರುತು ಹಾಕಿಕೊಂಡರೆ ದೋಷ ದೀಪವಾಗಿ ಕಾಣುವ ಮೊದಲೇ ಅಂಕಿಯಾಗಿ ಕಾಣುತ್ತದೆ. ಮೀಟರು ಇಲ್ಲದ ಸದಸ್ಯರಿಗಾಗಿ ಸಂಘದ ಕಚೇರಿಯಲ್ಲಿ ಒಂದನ್ನು ಇಟ್ಟಿದ್ದೇವೆ. ರಿಜಿಸ್ಟರಿನಲ್ಲಿ ಬರೆದು ಕೊಂಡೊಯ್ದು ಎರಡು ದಿನದಲ್ಲಿ ಹಿಂದಿರುಗಿಸಿದರೆ ಮುಂದಿನವರಿಗೆ ಅನುಕೂಲವಾಗುತ್ತದೆ. ಟೇಪು ಮಾತ್ರ ಕಚೇರಿಯಲ್ಲಿ ದೊರೆಯುವುದಿಲ್ಲ.